ಶ್ರೀಶೈಲಕ್ಕೆ ನಡೆಯುವವರು ಈಗಿನಿಂದಲೇ ನಡೆಯಲು ಶುರು ಮಾಡಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಯುಗಾದಿ ಹತ್ತಿರ ಬಂದಾಗ ಪತ್ರಿಕೆಗಳಲ್ಲಿ ಶ್ರೀಶೈಲದ ಪಾದಯಾತ್ರಿಗಳ ಫೋಟೊ ಬರುತ್ತದೆ. ಕಂಬಿ (ಹೆಗಲ ಮೇಲೆ ಹೊರುವ ದೇವರ ಕೋಲು) ಹೊತ್ತವರು, ಮರಗಾಲು ಕಟ್ಟಿಕೊಂಡು ನಡೆಯುವವರು, ಪಾದಕ್ಕೆ ಬಟ್ಟೆ ಸುತ್ತಿಕೊಂಡ ಅಜ್ಜಿಯರು. ನೋಡಿದರೆ ಮನಸ್ಸು ತುಂಬಿ ಬರುತ್ತದೆ. ಆದರೆ ಆ ಫೋಟೊ ಅಚ್ಚಾಗುವ ಹೊತ್ತಿಗೆ ನಡೆಯುವವರಿಗೆ ಹೇಳಬೇಕಾದ ಮಾತಿನ ಕಾಲ ಮುಗಿದಿರುತ್ತದೆ. ಅದಕ್ಕೇ ಈ ಪತ್ರವನ್ನು ಸಂಕ್ರಾಂತಿಯ ಕುಸುರೆಳ್ಳು ಇನ್ನೂ ಡಬ್ಬಿಯಲ್ಲಿರುವಾಗಲೇ ಬರೆಯುತ್ತಿದ್ದೇನೆ. ದಯವಿಟ್ಟು ಈ ತಿಂಗಳಲ್ಲೇ ಪ್ರಕಟಿಸಿ.

ನಾನು ಇಳಕಲ್ ಕಡೆಯವಳು. ಆರೋಗ್ಯ ಸಹಾಯಕಿಯಾಗಿ ಹಳ್ಳಿಗಳಲ್ಲಿ ಕೆಲಸ ಮಾಡಿ ನಿವೃತ್ತಿಯಾಗಿದ್ದೇನೆ. ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ದಾರಿಯನ್ನು ನಾನೂ ನಡೆದಿದ್ದೇನೆ. ಈಚೆಗೆ ನಡೆಯುವುದಕ್ಕಿಂತ ಜಾಸ್ತಿ ದಾರಿಬದಿಯ ದಾಸೋಹದ ಟೆಂಟಿನಲ್ಲಿ ಕೂತು ಯಾತ್ರಿಗಳ ಪಾದ ತೊಳೆದು, ಗಾಯ ನೋಡಿ, ಪಟ್ಟಿ ಕಟ್ಟುವ ಸೇವೆ ಮಾಡುತ್ತೇನೆ. ಅಲ್ಲಿ ಕೂತವರಿಗೆ ಯಾರು ತಯಾರಾಗಿ ಬಂದಿದ್ದಾರೆ, ಯಾರು ಸುಮ್ನೆ ಎದ್ದು ಬಂದಿದ್ದಾರೆ ಎಂಬುದು ಕಾಲು ಚಾಚಿದ ಕೂಡಲೇ ಗೊತ್ತಾಗುತ್ತದೆ.

ನಮ್ಮ ಭಾಗದವರಿಗೆ ಶ್ರೀಶೈಲ ಎಂದರೆ ಬೀಗರ ಮನೆ. ಅಲ್ಲಿನ ದೇವಿ ಭ್ರಮರಾಂಬೆ ನಮ್ಮ ಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ-ಕುಪ್ಪಸ ಒಯ್ಯುವುದು ತವರಿನ ಕೆಲಸ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿ ವನಕ್ಕೆ ಹೋದಳು ಎಂದು ಕೇಳುತ್ತಲೇ ಬೆಳೆದವರು ನಾವು. ಆದ್ದರಿಂದ ನಡೆದೇ ಹೋಗಬೇಕು ಎನ್ನುವ ಆಸೆಯನ್ನು ನಾನು ಪ್ರಶ್ನೆ ಮಾಡುವುದಿಲ್ಲ. ನನಗೂ ಅದೇ ಆಸೆ. ನಾನು ಹೇಳುವುದು ಇಷ್ಟೇ: ಹರಕೆ ಹೊತ್ತ ದಿನವೇ ಯಾತ್ರೆ ಶುರುವಾಯಿತು ಎಂದು ತಿಳಿಯಿರಿ. ಹೊರಡುವ ಮುಂಚಿನ ಎರಡು ತಿಂಗಳ ತಯಾರಿಯೂ ಮಲ್ಲಯ್ಯನ ಸೇವೆಯೇ.

ದಾರಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಇಳಕಲ್ ಬಿಟ್ಟರೆ ಮುದಗಲ್, ಲಿಂಗಸುಗೂರು, ಸಿರವಾರ, ರಾಯಚೂರು. ಅಲ್ಲಿಂದ ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು. ಇಲ್ಲಿಯ ತನಕ ಬಹುತೇಕ ಡಾಂಬರು ರಸ್ತೆ, ಮರದ ನೆರಳು ಕಡಿಮೆ. ಆಮೇಲೆ ವೆಂಕಟಾಪುರದ ಹತ್ತಿರ ನಲ್ಲಮಲ ಕಾಡು ಹೊಕ್ಕರೆ ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸ ಬಾಗಿಲು. ಕಲ್ಲು, ಏರು, ಇಳುಕಲು. ಒಟ್ಟು 300 ಕಿಲೋಮೀಟರಿಗೂ ಜಾಸ್ತಿ. ದಿನಕ್ಕೆ 35-40 ಕಿಲೋಮೀಟರ್ ನಡೆಯುವವರೇ ಹೆಚ್ಚು. ಅದೂ ಮಾರ್ಚ್ ಬಿಸಿಲಲ್ಲಿ, ರಾಯಚೂರಿನ ನೆಲದ ಮೇಲೆ!

"ನಮ್ಮಜ್ಜ ಯಾವ ತಯಾರಿ ಮಾಡಿದ್ದ? ಬುತ್ತಿ ಕಟ್ಟಿಕೊಂಡು ಹೊರಟುಬಿಡ್ತಿದ್ದ" ಎಂದು ಹುಡುಗರು ವಾದ ಮಾಡುತ್ತಾರೆ. ಅಜ್ಜನ ತಯಾರಿ ವರ್ಷವಿಡೀ ನಡೆದಿತ್ತು. ಹೊಲಕ್ಕೆ ನಡೆದು ಹೋಗುತ್ತಿದ್ದ, ಎತ್ತಿನ ಹಿಂದೆ ಗಳೆ ಹೊಡೆಯುತ್ತಿದ್ದ, ಸಂತೆಗೂ ನಡೆದೇ ಬರುತ್ತಿದ್ದ. ಅವನ ಅಂಗಾಲು, ಮೀನಖಂಡ, ಸೊಂಟ ಎಲ್ಲ ಪಳಗಿದ್ದವು. ನಾವು ಈಗ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗಲೂ ಬೈಕ್ ಹತ್ತುತ್ತೇವೆ. ಹೊಲದಲ್ಲಿ ಟ್ರ್ಯಾಕ್ಟರ್ ಇದೆ. ನಮ್ಮೂರಿನ ನೇಕಾರ ತಮ್ಮಂದಿರು ದಿನವೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಾರೆ. ಹಲಗೆ ತುಳಿದು ತುಳಿದು ಕಾಲಿಗೆ ಶಕ್ತಿ ಇರುತ್ತದೆ, ನಿಜ. ಆದರೆ ಮೈಭಾರ ಹೊತ್ತು ಗಂಟೆಗಟ್ಟಲೆ ನಡೆಯುವುದೇ ಬೇರೆ. ಹೊಸದಾಗಿ ತಂದ ಹೋರಿಯನ್ನು ಮೊದಲ ದಿನವೇ ಹೊತ್ತು ಮುಳುಗುವ ತನಕ ಗಳೆಗೆ ಹೂಡುತ್ತೇವಾ? ನಮ್ಮ ಮೈಗೆ ಮಾತ್ರ ಹಾಗೆ ಮಾಡುತ್ತೇವೆ.

ಈ ಸಲ, 2026ರಲ್ಲಿ, ಯುಗಾದಿ ಮಾರ್ಚ್ 19ಕ್ಕೆ. ಮಾರ್ಚ್ ಮೊದಲ ವಾರದಲ್ಲೇ ನಮ್ಮ ಕಡೆಯ ಬಳಗಗಳು ಹೊರಡುತ್ತವೆ. ಅಂದರೆ ಕೈಯಲ್ಲಿ ಏಳು ವಾರ ಇದೆ. ಸಾಕು. ಮೊದಲ ಎರಡು ವಾರ ಬೆಳಿಗ್ಗೆ ನಾಲ್ಕೈದು ಕಿಲೋಮೀಟರ್, ವಾರಕ್ಕೆ ನಾಲ್ಕು ದಿನ ನಡೆದರೆ ಆಯಿತು. ವಾರಕ್ಕೊಂದು ದಿನ ಮಾತ್ರ ಉದ್ದ ನಡಿಗೆ ಇರಲಿ. ಅದು ಎಂಟು ಕಿಲೋಮೀಟರಿನಿಂದ ಶುರುವಾಗಿ ವಾರವಾರವೂ ಎರಡು-ಮೂರು ಕಿಲೋಮೀಟರ್ ಏರಲಿ. ಶಿವರಾತ್ರಿ ಫೆಬ್ರುವರಿ 15ರ ಭಾನುವಾರ ಬಂದಿದೆ. ಆ ಹೊತ್ತಿಗೆ ಒಂದೇ ದಿನ 18-20 ಕಿಲೋಮೀಟರ್ ಆರಾಮವಾಗಿ ಆಗುವ ಹಾಗೆ ನೋಡಿಕೊಳ್ಳಿ. ಆಮೇಲಿನ ವಾರದಲ್ಲಿ ಒಂದು ದಿನ 20, ಮರುದಿನ ಮತ್ತೆ 15 ನಡೆಯಿರಿ. ಈ ಎರಡನೆಯ ದಿನದ ನಡಿಗೆ ಬಹಳ ಮುಖ್ಯ. ಒಂದು ದಿನ ಯಾರು ಬೇಕಾದರೂ ನಡೆಯುತ್ತಾರೆ. ಬೆಳಿಗ್ಗೆ ಏಳುವಾಗ ಕಾಲು ಬಿಗಿದಿರುತ್ತದೆ, ಆದರೂ ಎದ್ದು ಹೊರಡಬೇಕು. ಅದರ ರುಚಿ ಮನೆಯ ಹತ್ತಿರವೇ ಸಿಗಲಿ. ಹೊರಡುವ ಮುಂಚಿನ ವಾರ ನಡಿಗೆ ಕಡಿಮೆ ಮಾಡಿ, ಚೆನ್ನಾಗಿ ನಿದ್ದೆ ಮಾಡಿ. ಕೊನೆಯ ವಾರದಲ್ಲಿ ಎಷ್ಟು ನಡೆದರೂ ಹೊಸ ಶಕ್ತಿ ಬರುವುದಿಲ್ಲ, ದಣಿವು ಮಾತ್ರ ಬರುತ್ತದೆ.

ಹತ್ತುವ ಅಭ್ಯಾಸವೂ ಬೇಕು. ಅದಕ್ಕಿಂತ ಜಾಸ್ತಿ ಇಳಿಯುವ ಅಭ್ಯಾಸ ಬೇಕು. ಹತ್ತುವಾಗ ಏದುಸಿರು ಬರುತ್ತದೆ, ನಿಲ್ಲುತ್ತೇವೆ. ಇಳಿಯುವಾಗ ಉಸಿರು ಸರಾಗವಾಗಿರುತ್ತದೆ, ಅದಕ್ಕೇ ಓಡಿಬಿಡುತ್ತೇವೆ. ಮೈಭಾರವನ್ನೆಲ್ಲ ತೊಡೆಯ ಮುಂಭಾಗ ತಡೆಯಬೇಕು, ಮಂಡಿ ಹೊರಬೇಕು. ಭೀಮನಕೊಳ್ಳದ ಕಲ್ಲು ಮೆಟ್ಟಿಲು ರೆಡ್ಡಿ ರಾಜರ ಕಾಲದವು ಎನ್ನುತ್ತಾರೆ. ಒಂದು ಎತ್ತರ, ಒಂದು ಗಿಡ್ಡ, ಸವೆದು ನುಣುಪಾದವೂ ಇವೆ. ಅಷ್ಟೂ ದೂರ ನಡೆದು ಬಂದು ಅಲ್ಲಿ ಮಂಡಿ ಹಿಡಿದುಕೊಂಡು ಕೂತವರನ್ನು ನೋಡಿದರೆ ಹೊಟ್ಟೆ ಚುರುಕ್ ಎನ್ನುತ್ತದೆ. ನಿಮ್ಮೂರಲ್ಲಿ ಗುಡ್ಡದ ಮೇಲೆ ಗುಡಿ ಇದ್ದರೆ ವಾರಕ್ಕೊಮ್ಮೆ ಹತ್ತಿ, ನಿಧಾನವಾಗಿ ಇಳಿಯಿರಿ. ಸಾಧ್ಯವಿದ್ದವರು ಆನೆಗುಂದಿ ಹತ್ತಿರದ ಅಂಜನಾದ್ರಿಗೆ ಹೋಗಿ ಬನ್ನಿ. ಐನೂರಕ್ಕೂ ಹೆಚ್ಚು ಮೆಟ್ಟಿಲಿವೆ, ದೇವರ ದರ್ಶನವೂ ಆಗುತ್ತದೆ. ಕೈಯಲ್ಲಿ ಒಂದು ಬಡಿಗೆ ಇದ್ದರೆ ಮಂಡಿಗೆ ಅರ್ಧ ಆಸರೆ.

ಬಿಸಿಲಿನ ಮಾತು. ಮೈಗೆ ಬಿಸಿಲಿನ ಪಾಠ ಆಗಲು ಒಂದರಿಂದ ಎರಡು ವಾರ ಬೇಕು. ದಿನಾ ಸ್ವಲ್ಪ ಸ್ವಲ್ಪ ಬಿಸಿಲಲ್ಲಿ ನಡೆದರೆ ಬೆವರು ಬೇಗ ಬರಲು ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತ ಹತೋಟಿಗೆ ಬರುತ್ತದೆ. ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವವರು ಒಮ್ಮೆಲೇ ಹೋಗಿ ರಾಯಚೂರಿನ ಬಿಸಿಲಿಗೆ ನಿಂತರೆ ಮೈ ಕಲಿಯುವುದು ಯಾವಾಗ? ಫೆಬ್ರುವರಿಯ ಕೊನೆಯ ಎರಡು ವಾರ, ನಡಿಗೆಯ ಒಂದು ಭಾಗವನ್ನು ಬೆಳಿಗ್ಗೆ ಒಂಬತ್ತು-ಹತ್ತರ ಬಿಸಿಲಿಗೆ ಇಟ್ಟುಕೊಳ್ಳಿ. ತಲೆಗೆ ಬಟ್ಟೆ ಇರಲಿ, ಕೈಯಲ್ಲಿ ನೀರಿರಲಿ. ಹೃದಯದ ತೊಂದರೆ ಇದ್ದವರು, ವಯಸ್ಸಾದವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬೇಡಿ.

ಈಗ ಪಾದಕ್ಕೆ ಬರುತ್ತೇನೆ. ನನ್ನ ಟೆಂಟಿಗೆ ಬರುವವರಲ್ಲಿ ಜಾಸ್ತಿ ಜನ ಬೊಬ್ಬೆ ಎದ್ದವರು. ಬೊಬ್ಬೆ ಏಳುವುದು ಚರ್ಮ ಒಂದೇ ಕಡೆ ಮತ್ತೆ ಮತ್ತೆ ಉಜ್ಜುವುದರಿಂದ. ಒದ್ದೆ ಇದ್ದರೆ, ಬಿಸಿ ಇದ್ದರೆ ಇನ್ನೂ ಬೇಗ. ಯಾತ್ರೆಗೆ ಎಂದೇ ಹೊಸ ಬೂಟು ತಂದು, ಪೂಜೆ ಮಾಡಿಸಿ, ಅದನ್ನೇ ಮೆಟ್ಟಿಕೊಂಡು ಹೊರಡುತ್ತಾರೆ. ಲಿಂಗಸುಗೂರು ದಾಟುವುದರೊಳಗೆ ಅದು ಕೈಚೀಲ ಸೇರಿರುತ್ತದೆ, ಕಾಲಿಗೆ ಹವಾಯಿ ಚಪ್ಪಲಿ ಬಂದಿರುತ್ತದೆ. ಬೂಟು ತರುವುದಿದ್ದರೆ ಈ ವಾರವೇ ತನ್ನಿ. ಸಂಜೆ ಹೊತ್ತು ಅಂಗಡಿಗೆ ಹೋಗಿ. ದಿನವೆಲ್ಲ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಯಾತ್ರೆಯಲ್ಲೂ ಊದುತ್ತದೆ. ಹೆಬ್ಬೆರಳಿನ ಮುಂದೆ ಬೆರಳಗಲ ಜಾಗ ಇರಬೇಕು. ಏಳು ವಾರವೂ ಅದನ್ನೇ ಹಾಕಿ ನಡೆಯಿರಿ. ಪೂರ್ತಿ ಹತ್ತಿಯ ಕಾಲುಚೀಲ ಬೆವರು ಹೀರಿಕೊಂಡು ಒದ್ದೆಯಾಗೇ ಇರುತ್ತದೆ. ಆಟಗಾರರು ಹಾಕುವ, ಬೇಗ ಒಣಗುವ ಮಿಶ್ರ ನೂಲಿನದು ಒಳ್ಳೆಯದು. ಎರಡು-ಮೂರು ಜೊತೆ ಇಟ್ಟುಕೊಂಡು ಮಧ್ಯಾಹ್ನ ಬದಲಾಯಿಸಿ. ಉಗುರನ್ನು ಹೊರಡುವ ಎರಡು-ಮೂರು ದಿನ ಮೊದಲು ನೇರವಾಗಿ ಕತ್ತರಿಸಿ, ಮೂಲೆಯನ್ನು ಒಳಗೆ ಕೆರೆಯಬೇಡಿ.

ನಡೆಯುವಾಗ ಎಲ್ಲೋ ಒಂದು ಕಡೆ ಚುರುಚುರು ಎಂದರೆ ಅಲ್ಲೇ ಕೂತು ಬೂಟು ಬಿಚ್ಚಿ. ಮುಂದಿನ ಟೆಂಟ್ ಬರಲಿ ಎಂದು ಕಾಯಬೇಡಿ. ಕೆಂಪಗಾದ ಜಾಗಕ್ಕೆ ಆಸ್ಪತ್ರೆಯ ಅಂಟುಪಟ್ಟಿ ಹಚ್ಚಿದರೆ ಬೊಬ್ಬೆಯೇ ಏಳುವುದಿಲ್ಲ. ಎದ್ದೇಬಿಟ್ಟರೆ, ಸಣ್ಣದಿದ್ದರೆ ಮುಟ್ಟಬೇಡಿ. ದೊಡ್ಡದಿದ್ದು ನಡೆಯಲು ಆಗದಿದ್ದರೆ ಶುದ್ಧ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಬಹುದು. ಮೇಲಿನ ಚರ್ಮವನ್ನು ಮಾತ್ರ ಕಿತ್ತು ಹಾಕಬಾರದು. ಒಳಗಿನ ಗಾಯಕ್ಕೆ ಅದೇ ಹೊದಿಕೆ. ಪಿನ್ನಿನಿಂದ ಚುಚ್ಚಿ, ಚರ್ಮ ಸುಲಿದು, ಅರಿಸಿನ ಮೆತ್ತಿಕೊಂಡು ಬರುವವರಿಗೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ತೊಡೆಸಂದು ಉಜ್ಜಿ ಉರಿಯುವುದು ಗಂಡಸರಿಗೂ ಹೆಂಗಸರಿಗೂ ಇದ್ದದ್ದೇ, ನಾಚಿಕೆಗೆ ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಹೊರಡುವ ಮೊದಲೇ ವ್ಯಾಸಲೀನ್ ಹಚ್ಚಿಕೊಳ್ಳಿ.

ಒಬ್ಬ ಕಾಕಾನ ಪಾದ ನನಗೆ ಮರೆಯಲು ಆಗುವುದಿಲ್ಲ. ಐವತ್ತು ದಾಟಿದ ರೈತರು, ಸಕ್ಕರೆ ಕಾಯಿಲೆ. "ನನಗೇನೂ ಆಗಿಲ್ಲ ಅಕ್ಕಾರ, ಕಾಲು ತೊಳಿಸ್ಕೊಂಡು ಹೋಗೂಣಂತ ಬಂದೆ" ಎಂದರು. ಬಲಗಾಲಿನ ಕಾಲುಚೀಲ ಕೆಳಗೆ ಕಂದು ಬಣ್ಣಕ್ಕೆ ತಿರುಗಿ ಅಂಗಾಲಿಗೆ ಅಂಟಿಕೊಂಡಿತ್ತು. ಬೆಚ್ಚಗಿನ ನೀರು ಹನಿಸಿ ಹನಿಸಿ ಬಿಡಿಸಿದೆ. ಹೆಬ್ಬೆರಳಿನ ಬುಡದಲ್ಲಿ ಎಂಟಾಣೆಯಷ್ಟು ಅಗಲದ ಹುಣ್ಣು. ಬೂಟು ಕೊಡವಿದರೆ ಕಡಲೆಕಾಳಿನಷ್ಟು ಒಂದು ಜಲ್ಲಿಕಲ್ಲು ಬಿತ್ತು. ಬೆಳಿಗ್ಗೆಯಿಂದ ಅದರ ಮೇಲೆಯೇ ನಡೆದಿದ್ದರು, ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರಗಳು ಮಂಕಾಗುತ್ತವೆ, ನೋವು ತಿಳಿಯುವುದಿಲ್ಲ. ನೋವಿಲ್ಲ ಅಂದರೆ ಗಾಯವಿಲ್ಲ ಎಂದು ಅವರು ನಂಬಿದ್ದರು. ಅವರನ್ನು ಅಲ್ಲಿಂದಲೇ ಗಾಡಿಯಲ್ಲಿ ಆಸ್ಪತ್ರೆಗೆ ಕಳಿಸಿದೆವು, ಕಾಲು ಉಳಿಯಿತು. ಸಕ್ಕರೆ ಕಾಯಿಲೆ ಇರುವ ಪ್ರತಿಯೊಬ್ಬರೂ ಈ ತಿಂಗಳೇ ಡಾಕ್ಟರ ಹತ್ತಿರ ಪಾದ ಪರೀಕ್ಷೆ ಮಾಡಿಸಿ. ದಾರಿಯಲ್ಲಿ ದಿನಕ್ಕೆರಡು ಸಲ ಜೊತೆಗಾರರಿಂದ ಅಂಗಾಲು ನೋಡಿಸಿಕೊಳ್ಳಿ. ಬೂಟು ಹಾಕುವ ಮೊದಲು ಒಳಗೆ ಕೈ ಹಾಕಿ ನೋಡಿ. ನೀವು ಬರಿಗಾಲಲ್ಲಿ ನಡೆಯುವುದು ಬೇಡವೇ ಬೇಡ. ಇನ್ನೊಂದು ಮಾತು: ದಿನವಿಡೀ ನಡೆದರೆ ಮೈಯಲ್ಲಿನ ಸಕ್ಕರೆ ತಾನಾಗಿಯೇ ಇಳಿಯುತ್ತದೆ. ಅದೇ ಗುಳಿಗೆ, ಅದೇ ಇನ್ಸುಲಿನ್ ತಗೊಂಡು ಒಪ್ಪತ್ತು ಉಪವಾಸವನ್ನೂ ಮಾಡಿದರೆ ದಾರಿಯಲ್ಲೇ ತಲೆ ತಿರುಗಿ ಬೀಳಬಹುದು. ಪ್ರಮಾಣ ಎಷ್ಟಿರಬೇಕು ಎಂದು ಮೊದಲೇ ಕೇಳಿಕೊಳ್ಳಿ. ಜೇಬಿನಲ್ಲಿ ಸಕ್ಕರೆ ಇರಲಿ.

ಬರಿಗಾಲಿನ ಹರಕೆ ಹೊತ್ತವರಿಗೆ ಬಿಟ್ಟುಬಿಡಿ ಎಂದು ನಾನು ಹೇಳಲಾರೆ. ಆದರೆ ಅಂಗಾಲು ಗಟ್ಟಿಯಾಗಲು ವಾರಗಳು ಬೇಕು. ಈಗಿನಿಂದಲೇ ದಿನಾ ಸ್ವಲ್ಪ ಹೊತ್ತು ಮಣ್ಣು ದಾರಿಯಲ್ಲಿ ಬರಿಗಾಲಲ್ಲಿ ನಡೆಯಿರಿ. ಗಾಳಿಯ ಬಿಸಿ 40 ಡಿಗ್ರಿ ಇದ್ದಾಗ ಡಾಂಬರು 60 ಡಿಗ್ರಿ ದಾಟಿರುತ್ತದೆ. ಆ ಹೊತ್ತಿನಲ್ಲಿ ರಸ್ತೆಗೆ ಇಳಿಯಬೇಡಿ. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಐದರ ಮೇಲೆ ನಡೆಯಿರಿ. ನಡುವೆ ದಾಟಲೇಬೇಕಾದರೆ ಅನುಭವಸ್ಥರು ರಸ್ತೆ ಅಂಚಿನ ಬಿಳಿ ಪಟ್ಟೆಯ ಮೇಲೆ ಕಾಲಿಡುತ್ತಾರೆ. ಅದು ಕರಿ ಡಾಂಬರಿನಷ್ಟು ಸುಡುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ನನಗೆ ಭಯ ಹುಟ್ಟಿಸುವುದು ಬೊಬ್ಬೆಯಲ್ಲ, ನೋವಿನ ಸೂಜಿ (ಇಂಜೆಕ್ಷನ್). ಮೂರನೆಯ ದಿನ ಸಂಜೆ ಟೆಂಟಿನ ಮುಂದೆ ಸಾಲು ನಿಲ್ಲುತ್ತದೆ. "ಅಕ್ಕಾರ, ಒಂದ್ ಸೂಜಿ ಹಾಕಿಬಿಡ್ರಿ, ನಾಳಿ ನಡೀಬೇಕು." ನಾನು ಹಾಕುವುದಿಲ್ಲ. ಕೆಲವರು ಸಿಟ್ಟಾಗಿ ಮುಂದಿನ ಊರಿನಲ್ಲಿ ಯಾರ ಕೈಯಲ್ಲೋ ಹಾಕಿಸಿಕೊಳ್ಳುತ್ತಾರೆ. ಕೆಲವರು ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದು ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗುತ್ತಾ ನಡೆಯುತ್ತಾರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಈ ಜಾತಿಯವು. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ಹರಿಯುವ ರಕ್ತವೂ ಕಡಿಮೆಯಾಗುತ್ತದೆ. ಆಗ ರಕ್ತನಾಳವನ್ನು ಅಗಲವಾಗಿ ಇಟ್ಟುಕೊಳ್ಳಲು ಮೈ ಒಂದು ರಸ ಉಪಯೋಗಿಸುತ್ತದೆ. ಈ ಗುಳಿಗೆಗಳು ಅದೇ ರಸವನ್ನು ತಡೆಯುತ್ತವೆ. ಬಿಸಿಲಲ್ಲಿ ಬೆವರಿ, ನೀರು ಕುಡಿಯದೆ, ಮೇಲಿಂದ ಈ ಗುಳಿಗೆಯನ್ನೂ ತಗೊಂಡರೆ ಕಿಡ್ನಿ ಕೈಕೊಡಬಹುದು. ಬಿಪಿ ಗುಳಿಗೆ ತಗೊಳ್ಳುವವರಿಗೆ, ಅದರಲ್ಲೂ ಮೂತ್ರ ಜಾಸ್ತಿ ಮಾಡಿಸುವ ಗುಳಿಗೆ ಇದ್ದವರಿಗೆ, ಅಪಾಯ ಇನ್ನೂ ಹೆಚ್ಚು. ಜೊತೆಗೆ, ಸೂಜಿಯಿಂದ ನೋವು ಹೋದರೂ ಗಾಯ ಹೋಗುವುದಿಲ್ಲ. ಎಚ್ಚರಿಕೆ ಕೊಡುವವನ ಬಾಯಿ ಕಟ್ಟಿ ಮತ್ತೆ 40 ಕಿಲೋಮೀಟರ್ ನಡೆಯುತ್ತೀರಿ, ಅಷ್ಟೇ. ತಡೆಯಲಾರದ ನೋವಿದ್ದರೆ ಪ್ಯಾರಸಿಟಮಾಲ್, ಅದೂ ಮಿತಿಯಲ್ಲಿ. ಬಿಸಿನೀರು, ಎಣ್ಣೆ ತಿಕ್ಕುವುದು, ಕಾಲನ್ನು ಎತ್ತರಕ್ಕೆ ಇಟ್ಟು ಮಲಗುವುದು, ಇವುಗಳಿಂದ ಎಷ್ಟೋ ಆರಾಮ ಸಿಗುತ್ತದೆ.

ಊಟ-ನೀರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ದಾರಿಯುದ್ದಕ್ಕೂ ದಾಸೋಹ ಇದೆ. ಹಳ್ಳಿಯವರು ರೊಟ್ಟಿ ಬಡಿದು, ಮಜ್ಜಿಗೆ ಕಡೆದು ಕಾಯುತ್ತಾರೆ. ಆಂಧ್ರ, ತೆಲಂಗಾಣದ ಊರಿನವರೂ ಹಾಗೆಯೇ, ಅವರ ಋಣ ದೊಡ್ಡದು. ನಡಿಗೆಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಉಪ್ಪು ಹಾಕಿದ ಮಜ್ಜಿಗೆ ಬಹಳ ಒಳ್ಳೆಯದು. ಬರೀ ಶರಬತ್ತು, ಬರೀ ಶಿರಾ ತಿಂದು ನಡೆದರೆ ಹೊಟ್ಟೆ ಕೆಡುತ್ತದೆ. ನೀರನ್ನು ಒಮ್ಮೆಲೇ ಒಂದು ತಂಬಿಗೆ ಸುರಿದುಕೊಳ್ಳದೆ, ಬಿಸಿಲಿದ್ದಾಗ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ಗುಟುಕು ಗುಟುಕಾಗಿ ಕುಡಿಯಿರಿ. ಬೆವರು ಸುರಿಯುವಾಗ ಬರೀ ನೀರನ್ನೇ ಅತಿಯಾಗಿ ಕುಡಿದರೂ ರಕ್ತದಲ್ಲಿ ಉಪ್ಪು ಇಳಿದು ವಾಂತಿ, ಮಂಪರು ಬರುತ್ತದೆ. ಒಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಮಟ್ಟ ಚಮಚ. ಮೂತ್ರ ಕಡು ಹಳದಿ ಆದರೆ ನೀರು ಸಾಲದು ಎಂದು ತಿಳಿಯಿರಿ. ಹೆಣ್ಣುಮಕ್ಕಳು ಬಯಲಿಗೆ ಹೋಗುವ ಕಷ್ಟಕ್ಕೆ ಹೆದರಿ ನೀರೇ ಕುಡಿಯುವುದಿಲ್ಲ. ಆಮೇಲೆ ಉರಿಮೂತ್ರ, ಜ್ವರ. ಟೆಂಟ್ ಹಾಕುವ ದಾನಿಗಳಿಗೆ ನನ್ನ ಕೈಮುಗಿದ ಬೇಡಿಕೆ: ಊಟದ ಪಂಕ್ತಿಗೆ ಒಂದು ಸಿಹಿ ಕಡಿಮೆ ಮಾಡಿ, ಆ ದುಡ್ಡಿನಲ್ಲಿ ನಾಲ್ಕು ತಗಡು ನಿಲ್ಲಿಸಿ ಹೆಂಗಸರಿಗೆ ಮರೆ ಮಾಡಿಕೊಡಿ.

ಇನ್ನು ಮನಸ್ಸು. ಮೈ ತಯಾರಾದರೂ ಮನಸ್ಸು ತಯಾರಾಗದಿದ್ದರೆ ಮೂರನೆಯ ದಿನ ಸೋಲುತ್ತದೆ. ಅದು ಯಾಕೆ ಮೂರನೆಯ ದಿನ? ರೂಢಿ ಇಲ್ಲದ ಶ್ರಮ ಬಿದ್ದಾಗ ಸ್ನಾಯುವಿನ ನೋವು ಅವತ್ತೇ ಪೂರ್ತಿ ಗೊತ್ತಾಗುವುದಿಲ್ಲ. ಒಂದರಿಂದ ಮೂರು ದಿನದಲ್ಲಿ ಅದು ಏರುತ್ತದೆ, ಆಮೇಲೆ ಇಳಿಯುತ್ತದೆ. ಮೊದಲ ದಿನ ಊರಿನವರು ಡೊಳ್ಳು ಬಾರಿಸಿ ಕಳಿಸಿಕೊಟ್ಟ ಹುಮ್ಮಸ್ಸು ಇರುತ್ತದೆ. ಮೂರನೆಯ ದಿನ ಹುಮ್ಮಸ್ಸು ಇಳಿದು ನೋವು ಏರಿರುತ್ತದೆ. "ಇನ್ನೂ ಏಳು ದಿನ ಹಿಂಗೇ ಆದರೆ?" ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಹಿಂಗೇ ಇರುವುದಿಲ್ಲ. ನಾಲ್ಕು-ಐದನೆಯ ದಿನಕ್ಕೆ ಮೈ ಹಿಡಿತಕ್ಕೆ ಬರುತ್ತದೆ. ಇದು ಮೊದಲೇ ಗೊತ್ತಿದ್ದವರು ಆ ದಿನವನ್ನು ದಾಟುತ್ತಾರೆ. ಗೊತ್ತಿಲ್ಲದವರು ಸೂಜಿಯ ಸಾಲಿನಲ್ಲಿ ನಿಲ್ಲುತ್ತಾರೆ. ಅದಕ್ಕೇ ಬಳಗದ ಹಿರಿಯರು ಹೊಸಬರಿಗೆ ಹೊರಡುವ ಮೊದಲೇ ಹೇಳಿಡಬೇಕು: ಮೂರನೆಯ ದಿನ ನಿನಗೆ ಅಳು ಬರುತ್ತದೆ, ಹೆದರಬೇಡ ಎಂದು.

ನೋವಿನಲ್ಲೂ ಎರಡು ಥರ ಇದೆ, ಗುರುತು ಹಿಡಿಯಲು ಕಲಿಯಿರಿ. ಎರಡೂ ಕಾಲು ಬಿಗಿದು, ನಡೆಯುತ್ತಾ ಅರ್ಧ ತಾಸಿನಲ್ಲಿ ಸಡಿಲವಾದರೆ ಅದು ದಣಿವಿನ ನೋವು. ಅದರ ಜೊತೆ ನಡೆಯಬಹುದು. ಒಂದೇ ಕಡೆ, ಎಲುಬಿನ ಮೇಲೆ ಬೆರಳಿಟ್ಟು ತೋರಿಸುವಂತೆ ನೋವಾಗಿ, ನಡೆದಷ್ಟೂ ಜಾಸ್ತಿಯಾದರೆ ನಿಲ್ಲಿ. ಒಂದೇ ಮೀನಖಂಡ ಊದಿ ಬಿಸಿಯಾದರೆ ಡಾಕ್ಟರಿಗೆ ತೋರಿಸಿ. ಬಿಸಿಲಲ್ಲಿ ನಡೆಯುವವನು ಅಸಂಬದ್ಧ ಮಾತಾಡತೊಡಗಿದರೆ, ತೂರಾಡಿದರೆ ಅದು ಶರಣನ ಭಾವಾವೇಶ ಎಂದು ಬಿಡಬೇಡಿ. ನೆರಳಿಗೆ ಎಳೆದು, ಮೈಮೇಲೆಲ್ಲ ನೀರು ಸುರಿದು, ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬೇಡಿ.

ವೇಗ ತಿಳಿಯಲು ವಾಚು ಬೇಡ. ಭಜನೆಯ ಪದ ಹಾಡುತ್ತಾ ನಡೆಯಲು ಆಗುತ್ತಿದೆಯೇ? ಹಾಗಾದರೆ ವೇಗ ಸರಿ ಇದೆ. ಹಾಡು ತುಂಡಾಗಿ ಉಸಿರು ಎಳೆಯುವಂತಾದರೆ ಜಾಸ್ತಿಯಾಯಿತು. ಬಳಗದಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಡಿ, ಉಳಿದವರು ಅವರ ಹಿಂದೆ ನಡೆಯಲಿ. ಹುಡುಗರಿಗೆ ಇದು ಕಷ್ಟ, ಆದರೆ ಗುಂಪು ಒಡೆಯುವುದಿಲ್ಲ.

ಮುದಗಲ್ ಹತ್ತಿರ ಒಬ್ಬ ಆಯಿ ನನ್ನ ಪಕ್ಕ ಕೂತಿದ್ದಳು. ಎಪ್ಪತ್ತರ ಮೇಲಿನ ವಯಸ್ಸು, ಸಣಕಲು ಮೈ, ಪಾದದಲ್ಲಿ ಒಂದು ಬೊಬ್ಬೆಯೂ ಇಲ್ಲ. ಹೇಗೆ ನಡೀತೀಯವ್ವಾ ಎಂದು ಕೇಳಿದೆ. "ದಣಿಯೂಕಿಂತ ಮೊದ್ಲ ಕುಂದರ್ತೀನಿ ನೋಡವ್ವ. ದಣಿದ ಮ್ಯಾಲೆ ಕುಂತ್ರ ಏಳಾಕ ಆಗಾಂಗಿಲ್ಲ." ಅವಳು ಶ್ರೀಶೈಲ ಎಷ್ಟು ದೂರ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಮುಂದಿನ ಊರು ಯಾವುದು ಎಂದಷ್ಟೇ ಕೇಳುತ್ತಿದ್ದಳು. ಆ ಊರು ಬಂದ ಮೇಲೆ ಅದರ ಮುಂದಿನದು. ಮನಸ್ಸನ್ನು ತಯಾರು ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಬೇರೆಲ್ಲೂ ಕಂಡಿಲ್ಲ. ಅಭ್ಯಾಸದ ನಡಿಗೆಯಲ್ಲೇ ಇದನ್ನು ಮಾಡಿ ನೋಡಿ. ಫೋನನ್ನು ಮನೆಯಲ್ಲಿಟ್ಟು, ಒಂದು ಬೇವಿನ ಮರದಿಂದ ಮುಂದಿನ ಬೇವಿನ ಮರಕ್ಕೆ ನಡೆಯಿರಿ.

ಮನೆಯ ಚಿಂತೆಯನ್ನೂ ಮೊದಲೇ ಇಳಿಸಿ ಹೊರಡಿ. ಕಡಲೆ ರಾಶಿ ಆಗಿಲ್ಲ, ಸೊಸೈಟಿ ಸಾಲದ ಕಂತು ಕಟ್ಟಿಲ್ಲ, ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗಿದೆ ಎಂದರೆ ನಡೆಯುವವನಿಗೆ ನಿದ್ದೆ ಬರುವುದಿಲ್ಲ. ನಿದ್ದೆ ಇಲ್ಲದ ಮೈ ನೋವನ್ನು ಎರಡರಷ್ಟು ಮಾಡಿ ತೋರಿಸುತ್ತದೆ. ಈ ಏಳು ವಾರದಲ್ಲಿ ಆಗುವ ಕೆಲಸ ಮುಗಿಸಿ, ಆಗದ್ದನ್ನು ಮನೆಯವರ ಜೊತೆ ಕೂತು ಮಾತಾಡಿ ಒಪ್ಪಿಸಿ. ಬೆಳಗಿನ ಜಾವ ಮೂರಕ್ಕೆ ಏಳುವುದು, ಮಧ್ಯಾಹ್ನ ಗದ್ದಲದಲ್ಲೂ ಒಂದು ತಾಸು ಮಲಗುವುದು, ಇವನ್ನೂ ಮನೆಯಲ್ಲೇ ರೂಢಿ ಮಾಡಿಕೊಳ್ಳಿ.

ಕತ್ತಲಲ್ಲಿ ನಡೆಯುವವರು ಬಲಬದಿಯಲ್ಲಿ, ಎದುರಿಗೆ ಬರುವ ವಾಹನ ಕಾಣುವ ಹಾಗೆ, ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಬೆನ್ನಿಗೆ, ಎದೆಗೆ ಹೊಳೆಯುವ ಪಟ್ಟಿ ಹಚ್ಚಿಕೊಳ್ಳಿ. ಬಹಳ ಅಗ್ಗ, ಪ್ರತಿ ಬಳಗವೂ ಕೊಳ್ಳಬಹುದು. ನಲ್ಲಮಲ ಕಾಡು ದೇಶದ ಅತಿ ದೊಡ್ಡ ಹುಲಿ ರಕ್ಷಿತಾರಣ್ಯ. ಅಲ್ಲಿ ಒಬ್ಬೊಬ್ಬರೇ ನಡೆಯಬೇಡಿ, ಬೀಡಿ-ಬೆಂಕಿ ಬೇಡ, ನೀರಿನ ಬಾಟಲಿ ಬಿಸಾಡಬೇಡಿ. ಮಗಳ ಮನೆಯ ಅಂಗಳವನ್ನು ಯಾವ ತವರಿನವರೂ ಹೊಲಸು ಮಾಡುವುದಿಲ್ಲ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಯುಗಾದಿ ತನಕ ವಾರಕ್ಕೊಂದು ಸಲ ಪುಟದ ಮೂಲೆಯಲ್ಲಿ ನಡೆಯುವವರಿಗೆ ನಾಲ್ಕು ಸಾಲು ಹಾಕಿ. ಈ ವಾರ ಬೂಟು, ಮುಂದಿನ ವಾರ ನೀರು, ಹೀಗೆ. ಹಳ್ಳಿಯ ಹೋಟೆಲುಗಳಲ್ಲಿ ಅದನ್ನು ಜೋರಾಗಿ ಓದುತ್ತಾರೆ. ಜಿಲ್ಲೆಯ ಆರೋಗ್ಯ ಇಲಾಖೆಯವರು ಫೆಬ್ರುವರಿಯಲ್ಲಿ ಬಳಗಗಳು ಸೇರುವ ಗುಡಿಗಳಿಗೇ ಬಂದು ಬಿಪಿ, ಸಕ್ಕರೆ, ಪಾದ ನೋಡಿ ಹೋದರೆ ಆಗಬಹುದಾದ ಎಷ್ಟೋ ಅನಾಹುತ ಇಲ್ಲೇ ನಿಲ್ಲುತ್ತದೆ.

ಬಳಗದ ಹಿರಿಯರಲ್ಲಿ ಒಂದು ಕೋರಿಕೆ. ದಾರಿಯಲ್ಲಿ ಗಾಡಿ ಹತ್ತಿದವರನ್ನು ಜನ ಒಂಥರಾ ನೋಡುತ್ತಾರೆ. "ಹರಕೆ ಮುರಿತು" ಎಂದು ಪಿಸುಗುಡುತ್ತಾರೆ. ಆ ಮಾತಿಗೆ ಹೆದರಿ ಕಾಲು ಕೀವಾದರೂ, ಎದೆ ಹಿಡಿದರೂ ನಡೆಯುವವರಿದ್ದಾರೆ. ಊರು ಬಿಡುವ ದಿನ, ಕಂಬಿ ಎತ್ತುವ ಮೊದಲು, ಎಲ್ಲರ ಮುಂದೆ ನಿಂತು ಹೇಳಿಬಿಡಿ: ಆಗದವರು ಗಾಡಿ ಹತ್ತಲಿ, ಅವರ ಹರಕೆ ನಮ್ಮೆಲ್ಲರ ಕಾಲಿನಲ್ಲಿ ಮುಟ್ಟುತ್ತದೆ, ಯಾರೂ ಯಾರನ್ನೂ ಕೇಳಬಾರದು. ಹಿರಿಯರು ಒಂದು ಸಲ ಹೇಳಿದರೆ ಹುಡುಗರು ಕೇಳುತ್ತಾರೆ. ಪ್ರತಿ ಬಳಗದ ಜೊತೆ ಒಂದು ಗಾಡಿ, ಅದರಲ್ಲಿ ಇಬ್ಬರು ಮಲಗುವಷ್ಟು ಖಾಲಿ ಜಾಗ ಇರುವಂತೆ ಈಗಲೇ ವ್ಯವಸ್ಥೆ ಮಾಡಿಕೊಳ್ಳಿ.

ಇಂತಿ,
ನಿವೃತ್ತ ಆರೋಗ್ಯ ಸಹಾಯಕಿ,
ಇಳಕಲ್ ತಾಲ್ಲೂಕು, ಬಾಗಲಕೋಟೆ ಜಿಲ್ಲೆ